ಮುಚ್ಚಳದ ಗಮಕ

ಅಪಸ್ವರವನ್ನು ಥಟ್ಟನೆ ಗುರುತಿಸುವ ಕಿವಿ ನಮ್ಮ ಮನೆತನದಲ್ಲಿ ಅಮ್ಮನವರೆಗೆ ಬಂದು ಅಲ್ಲಿಗೇ ನಿಂತುಹೋಯಿತು. ನನ್ನ ಪಾಲಿಗೆ ಉಳಿದದ್ದು ಅಪಸ್ವರವನ್ನು ಪ್ರೀತಿಸುವ ಕಿವಿ. ಸಿಯಾಟಲ್ ಸಮೀಪದ ಊರೊಂದರಲ್ಲಿ ತಂತ್ರಾಂಶ ಬರೆದು ಹೊಟ್ಟೆ ಹೊರೆಯುತ್ತಿರುವ ನನಗೆ ಈ ಸಂಗತಿ ಮನವರಿಕೆಯಾದದ್ದು, ದಿನವೂ ಕಚೇರಿಗೆ ತನ್ನ ಕಾರಿನಲ್ಲಿ ಕರೆದೊಯ್ಯುತ್ತಿದ್ದ ಸಹೋದ್ಯೋಗಿಯೊಬ್ಬ ಒಂದು ಮುಂಜಾನೆ ‘ದಿ ಸಾನಿಕ್ಸ್’ ತಂಡದ ಹಾಡನ್ನು ಹಾಕಿದಾಗ. ಕಾರಿನ ಬೆಲ್ಟು ಹರಿದಿರಬೇಕೆಂದು ಭಾವಿಸಿ ನಾನು ಗಾಡಿ ನಿಲ್ಲಿಸಲು ಹೇಳಿದೆ. ಅವನು ಗಾಡಿಯನ್ನು ನಿಲ್ಲಿಸದೆ, ಕಣ್ಣಲ್ಲಿ ನೀರು ತುಂಬಿಕೊಂಡು, ಇದು 1965ರದ್ದು, ಇಲ್ಲಿಂದ ಒಂದು ತಾಸು ದೂರದ ಟಕೋಮಾದ ಹುಡುಗರದ್ದು ಎಂದ. ಸಂಜೆ ಮರಳುವಾಗ ನಾನೇ ಇನ್ನೊಮ್ಮೆ ಹಾಕೆಂದು ಕೇಳಿದ್ದೆ.

ಈ ಬಗೆಯ ಸಂಗೀತಕ್ಕೆ ಗ್ಯಾರೇಜ್ ಪಂಕ್ ಎಂದು ಹೆಸರು. ಅರವತ್ತರ ದಶಕದ ನಡುವಿನ ವರ್ಷಗಳಲ್ಲಿ ಅಮೆರಿಕದ ಊರೂರಿನಲ್ಲೂ ಮೀಸೆ ಮೂಡದ ಹುಡುಗರು ಅಪ್ಪನ ಕಾರನ್ನು ಹೊರಗೆ ತಳ್ಳಿ, ಗ್ಯಾರೇಜಿನಲ್ಲಿ ಕುಳಿತು ಗಿಟಾರಿನ ಮೂರು ಕಾರ್ಡುಗಳನ್ನು, ಅಂದರೆ ಸ್ವರಗುಚ್ಛಗಳನ್ನು, ಕಲಿತು, ಕೈಯಿಂದ ಹಣ ಹಾಕಿ ಕೆಲವು ನೂರು ಗ್ರಾಮಫೋನ್ ತಟ್ಟೆಗಳನ್ನು ಒತ್ತಿಸಿ, ಶಾಲೆಯ ನೃತ್ಯಕೂಟಗಳಲ್ಲಿ ಮಾರಿ, ಕಾಲೇಜಿನ ಪ್ರವೇಶಪತ್ರವೋ ವಿಯೆಟ್ನಾಂ ಯುದ್ಧದ ಕರೆಯೋ ಬಂದ ದಿನ ತಂಡವನ್ನು ವಿಸರ್ಜಿಸಿದರು. ಲೆನ್ನಿ ಕೇ ಎಂಬಾತ 1972ರಲ್ಲಿ ಅಂಥ 27 ಹಾಡುಗಳನ್ನು ‘ನಗೆಟ್ಸ್’ ಎಂಬ ಜೋಡಿ ತಟ್ಟೆಯಲ್ಲಿ ಸಂಕಲಿಸಿ, ಅದರ ಟಿಪ್ಪಣಿಯಲ್ಲಿ ‘ಪಂಕ್’ ಎಂಬ ಮಾತನ್ನು ಬಳಸಿದ. ಅಷ್ಟರಲ್ಲಿ ಆ ಹುಡುಗರಲ್ಲಿ ಹಲವರು ಕೆಲಸ, ಸಂಸಾರ, ಮನೆಸಾಲಗಳಲ್ಲಿ ಮುಳುಗಿದ್ದರು. ತಾವು ಒಂದು ಕಾಲಕ್ಕೆ ಪಂಕ್ ಆಗಿದ್ದೆವೆಂಬುದು ಅವರಿಗೇ ತಡವಾಗಿ ತಿಳಿಯಿತು.

ಅಭಿಮಾನಿಗಳ ಲೋಕದಲ್ಲಿ ದೋಷವೆಂಬುದೇ ಇಲ್ಲ. ಸಾನಿಕ್ಸ್ ತಂಡದವರು ಎರಡೇ ಟ್ರ್ಯಾಕಿನ ಯಂತ್ರದಲ್ಲಿ, ಇಡೀ ಡ್ರಮ್ ಸಾಲಿಗೆ ಒಂದೇ ಮೈಕಿಟ್ಟು ಧ್ವನಿಮುದ್ರಿಸಿದರು. ಸದ್ದು ಸಾಲದೆಂದು ಸ್ಟುಡಿಯೋದ ಗೋಡೆಗೆ ಅಂಟಿಸಿದ್ದ ಶಬ್ದನಿರೋಧಕ ಹೊದಿಕೆಯನ್ನು ಕಿತ್ತರು. ಅವರ ಗಿಟಾರಿನವನು ಸ್ಪೀಕರಿಗೆ ಮೊಳೆಯಂಥದ್ದರಿಂದ ತೂತು ಕೊರೆದು ಗರಗರ ಎನ್ನಿಸಿದ. ನಮ್ಮೂರ ಗಣೇಶೋತ್ಸವದಲ್ಲಿ ಸ್ಪೀಕರು ಹಾಗೆ ಗರಗರ ಎಂದರೆ ಮೈಕ್ ಸೆಟ್ಟಿನವನಿಗೆ ಬಾಡಿಗೆ ಕೊಡುವುದಿರಲಿ, ಊಟಕ್ಕೂ ಕರೆಯುವುದಿಲ್ಲ. ಇಲ್ಲಿ ಅದೇ ಗರಗರ ಸದ್ದಿಗಾಗಿ ನಡುವಯಸ್ಸಿನ ಸಂಭಾವಿತರು ಒಂದು ತಟ್ಟೆಗೆ ತಿಂಗಳ ದಿನಸಿಯ ಹಣವನ್ನು ಕೊಡುತ್ತಾರೆ. ತಟ್ಟೆಯ ಒಳಅಂಚಿನಲ್ಲಿ, ಹಾಡಿನ ಗೆರೆ ಮುಗಿದ ಖಾಲಿ ಜಾಗದಲ್ಲಿ ಗೀಚಿರುವ ಅಂಕಿಗಳನ್ನು ಭೂತಗನ್ನಡಿ ಹಿಡಿದು ಓದುತ್ತಾರೆ. ತಾಮ್ರಶಾಸನ ಓದುವವರು ಕೂಡ ಅಷ್ಟು ಬಗ್ಗುವುದಿಲ್ಲ.

ಹೀಗಿರುವಾಗ ಒಂದು ಭಾನುವಾರ, ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಒಳಗೆ ನುಗ್ಗಲು ಬೇರೆ ದುಡ್ಡು ತೆತ್ತು, ತಟ್ಟೆಗಳ ಸಂತೆಯೊಂದರಲ್ಲಿ ನಾನು 40 ಡಾಲರಿಗೆ ಒಂದು ಪುಟ್ಟ ತಟ್ಟೆಯನ್ನು ಕೊಂಡೆ. ಯಾವ ತಂಡದ್ದೆಂದು ಹೇಳಲಾರೆ. ಹೇಳಿದರೆ ಬೆಲೆ ಏರೀತು. ಮನೆಗೆ ತಂದು ನೋಡಿದರೆ ತಟ್ಟೆಯ ನಡುವೆ ಉದ್ದಿನ ವಡೆಯಲ್ಲಿರುವಂಥ ತೂತು. 1949ರಲ್ಲಿ ಆರ್‌ಸಿಎ ಸಂಸ್ಥೆ ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ತಟ್ಟೆಯನ್ನು ಹೊರತಂದಾಗ ಅದಕ್ಕೆ ಒಂದೂವರೆ ಇಂಚು ಅಗಲದ ತೂತನ್ನಿಟ್ಟಿತು. ದೊಡ್ಡ ತಟ್ಟೆಗಳಿಗಾಗಿ ಮಾಡಿದ ನನ್ನ ಯಂತ್ರದ ಕಡ್ಡಿಯ ಮೇಲೆ ಇದನ್ನು ಕೂರಿಸಲು ನಡುವೆ ಅಡಾಪ್ಟರೆಂಬ ಬಿಲ್ಲೆಯೊಂದು ಬೇಕು. ನನ್ನಲ್ಲಿ ಅದಿರಲಿಲ್ಲ, ಮಾರನೆಯ ದಿನದವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಅಡುಗೆಮನೆಯಲ್ಲಿ ಹುಡುಕಾಡಿದಾಗ ಗ್ಯಾಲನ್ ಹಾಲಿನ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ಅಳತೆ ಮಾಡಿಸಿದಂತೆ ಸಿಕ್ಕಿತು. ಅದರ ಅಂಚನ್ನು ಚೂರು ಹೆರೆದು, ಕಾಯಿಸಿದ ಸ್ಕ್ರೂಡ್ರೈವರಿನಿಂದ ನಡುವೆ ತೂತು ಮಾಡಿದೆ. ನಡುವೆ ಎಂದುಕೊಂಡದ್ದು ನಾನು. “ಮುಚ್ಚಳವಿಲ್ಲದ ಹಾಲನ್ನು ಫ್ರಿಜ್ಜಿನಲ್ಲಿ ಹೇಗಿಡುವುದು ಅಂತ ನೀವೇ ಹೇಳಿ” ಎಂದು ಹೆಂಡತಿ ಕೇಳಿದ ಪ್ರಶ್ನೆಗೆ ಉತ್ತರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮುಳ್ಳನ್ನು ಇಳಿಸಿದ್ದೆ.

ಆಹಾ! ಗಾಯಕನ ದನಿ ಒಂದೇ ಸ್ವರದ ಮೇಲೆ ನಿಂತು ಮೇಲಕ್ಕೂ ಕೆಳಕ್ಕೂ ತೂಗುತ್ತಿತ್ತು. ಚಿಕ್ಕಂದಿನಲ್ಲಿ ಅಮ್ಮನ ಸಂಗೀತಪಾಠವನ್ನು ಕಿಟಕಿಯಾಚೆಯಿಂದ ಕೇಳಿ ಅಲ್ಪಸ್ವಲ್ಪ ಪರಿಭಾಷೆಯನ್ನು ಕದ್ದಿದ್ದ ನನಗೆ, ಇದು ಗಮಕವಲ್ಲದೆ ಬೇರೇನೂ ಅಲ್ಲವೆನಿಸಿತು. ಕೂಡಲೇ ಸಹೋದ್ಯೋಗಿಗೆ ಫೋನು ಮಾಡಿದೆ. ಅವನು ತನ್ನ ಬಳಗಕ್ಕೆ ಸುದ್ದಿ ಮುಟ್ಟಿಸಿದ. ಮುಂದಿನ ಶನಿವಾರ ರಾತ್ರಿ ಒಬ್ಬರ ಮನೆಯ ನೆಲಮಾಳಿಗೆಯಲ್ಲಿ, ಮಂದ ಬೆಳಕಿನಲ್ಲಿ, ಏಳು ಮಂದಿಯ ಮುಂದೆ ನಾನು ಹತ್ತು ನಿಮಿಷ ಉಪನ್ಯಾಸ ನೀಡಿದೆ. ಬೀಟಲ್ಸ್ ತಂಡದವರು 1965ರಲ್ಲಿಯೇ ಸಿತಾರ್ ನುಡಿಸಿದ್ದನ್ನು ನೆನಪಿಸಿ, ಸೌತೆಕಾಯಿ ಬೆಳೆಯುವ ಹಳ್ಳಿಯ ಹುಡುಗನೊಬ್ಬ ಯಾವ ಗುರುವಿನ ನೆರವೂ ಇಲ್ಲದೆ ಕಂಪಿತ ಗಮಕದ ಹೊಸ್ತಿಲಿಗೆ ಬಂದು ನಿಂತ ಪರಿಯನ್ನು ವಿವರಿಸಿದೆ. ಆಮೇಲೆ ತಟ್ಟೆಯನ್ನು, ಮುಚ್ಚಳಸಹಿತ, ನಾನೇ ಭಕ್ತಿಯಿಂದ ಯಂತ್ರದ ಮೇಲಿಟ್ಟೆ.

ಯಾರೂ ಮಾತಾಡಲಿಲ್ಲ. ಒಬ್ಬರು ಟಿಪ್ಪಣಿ ಬರೆದುಕೊಂಡರು. ಮತ್ತೊಬ್ಬರು ಗಿಟಾರಿನಲ್ಲಿಯೂ ಅದೇ ತೂಗಾಟವಿರುವುದನ್ನು ಗುರುತಿಸಿದರು. ಮೂರನೆಯವರು ಆರ್ಗನ್ನಿನಲ್ಲಿಯೂ ಇದೆ, ಇಡೀ ತಂಡವೇ ಒಂದೇ ಉಸಿರಿನಲ್ಲಿ ತೂಗುತ್ತಿದೆ, ಇಂಥ ಹೊಂದಾಣಿಕೆಯನ್ನು ತಾವು ಎಲ್ಲಿಯೂ ಕೇಳಿಲ್ಲ ಎಂದರು. ಆ ಗಳಿಗೆಯಲ್ಲಿ ನನ್ನೊಳಗಿನ ತಂತ್ರಜ್ಞ ಎಚ್ಚರಗೊಳ್ಳಬೇಕಿತ್ತು. ಹೊಗಳಿಕೆ ಕೇಳುತ್ತ ಅವನು ಇನ್ನಷ್ಟು ಗಾಢವಾಗಿ ನಿದ್ರಿಸಿದ. ಕೊನೆಗೆ ಮನೆಯ ಯಜಮಾನರು ಒಳಅಂಚಿನ ಅಂಕಿಗಳನ್ನು ಓದಲೆಂದು ತಟ್ಟೆಯನ್ನು ದೀಪದ ಕೆಳಗೆ ಹಿಡಿದರು. ಅಂಕಿಗಳಿಗಿಂತ ಮೊದಲು ಅವರಿಗೆ ಕಾಣಿಸಿದ್ದು ನಟ್ಟನಡುವೆ, ಅಲ್ಲ, ನಡುವಿನಿಂದ ತುಸು ಪಕ್ಕಕ್ಕೆ, ಕೂತಿದ್ದ ನೀಲಿ ಮುಚ್ಚಳ ಮತ್ತು ಅದರ ಮೇಲೆ ಅಚ್ಚಾಗಿದ್ದ ಕೊಬ್ಬಿನಂಶ: ಎರಡು ಶೇಕಡ.

ಅವರು ಏನೂ ಹೇಳದೆ ಮುಚ್ಚಳವನ್ನು ತೆಗೆದು, ನಿಜವಾದ ಅಡಾಪ್ಟರನ್ನು ಕೂರಿಸಿ, ಹಾಡನ್ನು ಮತ್ತೆ ಹಾಕಿದರು. ಹಾಡು ನೆಟ್ಟಗೆ, ರಸ್ತೆಯ ಪಕ್ಕದ ವಿದ್ಯುತ್ ಕಂಬದಷ್ಟು ನೆಟ್ಟಗೆ ಸಾಗಿತು. ಹಾಡು ಮುಗಿದ ಮೇಲಿನ ಮೌನದಲ್ಲಿ, ಗುಂಪಿನ ಹಿರಿಯರೊಬ್ಬರು ಗಂಟಲು ಸರಿಪಡಿಸಿಕೊಂಡು, ಮುಚ್ಚಳದ್ದೇ ಚೆನ್ನಾಗಿತ್ತು ಎಂದರು. ಉಳಿದವರು ಒಪ್ಪಿ ತಲೆಯಾಡಿಸಿದರು. ಆ ಬಳಗ ನನ್ನನ್ನು ಹೊರಗೆ ಹಾಕಲಿಲ್ಲವೆಂಬುದನ್ನು ಅವರ ಔದಾರ್ಯಕ್ಕಾಗಿ ಇಲ್ಲಿ ದಾಖಲಿಸುತ್ತೇನೆ. ಮುಚ್ಚಳವನ್ನು ಮಾತ್ರ ಅವರು ಹಿಂದಿರುಗಿಸಲಿಲ್ಲ.

ಅದೇ ಬೇಸಿಗೆಯಲ್ಲಿ ಅಮ್ಮ ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ಬಂದಳು. ಆ ಕಾಲದ ಎಷ್ಟೋ ತಟ್ಟೆಗಳು ಬೇಗ ಸವೆಯುವ ಪಾಲಿಸ್ಟೈರೀನಿನವು. ಅಲ್ಲದೆ ರೇಡಿಯೋದವರು ಹಾಡಿನ ಮೊದಲ ಸ್ವರ ಹುಡುಕಲು ಮುಳ್ಳನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿ ಆರಂಭದ ಗೆರೆಗಳನ್ನು ಕೆಡಿಸಿರುತ್ತಾರೆ. ಹೀಗಾಗಿ ನಾನು ತಟ್ಟೆ ಹಾಕಿದಾಗಲೆಲ್ಲ ಅಮ್ಮ ಒಳಗಿನಿಂದ “ಒಗ್ಗರಣೆ ಸೀಯುತ್ತಿದೆ, ಒಲೆ ಆರಿಸೋ” ಎಂದು ಕೂಗುತ್ತಿದ್ದಳು. ಸಾನಿಕ್ಸ್‌ನವರು ನೀರೂ ಬೇಡ, ವೈನೂ ಬೇಡ, ತಮಗೆ ಸ್ಟ್ರಿಕ್ನಿನ್ ಇಷ್ಟವೆಂದು ಅರಚುವ ಹಾಡನ್ನು ಕೇಳಿ ಅದೇನೆಂದು ವಿಚಾರಿಸಿದಳು. ಕಾಸರಕನ ಬೀಜದ ವಿಷ ಎಂದೆ. “ನಮ್ಮ ತೋಟದ ಬೇಲಿಯಲ್ಲಿ ಅದರ ಮರವೇ ಇತ್ತಲ್ಲೋ, ದನ ಕೂಡ ಮೂಸುತ್ತಿರಲಿಲ್ಲ. ಈ ಹುಡುಗರಿಗೆ ಮನೆಯಲ್ಲಿ ಕಷಾಯ ಮಾಡಿಕೊಡುವವರು ಯಾರೂ ಇರಲಿಲ್ಲವೇ?” ಎಂದು ನಿಜಕ್ಕೂ ಮರುಗಿದಳು.

ಒಂದು ರಾತ್ರಿ ಧೈರ್ಯ ಮಾಡಿ ‘ಲೂಯಿ ಲೂಯಿ’ ಹಾಕಿದೆ. ಕಿಂಗ್ಸ್‌ಮೆನ್ ತಂಡ ಪೋರ್ಟ್‌ಲೆಂಡಿನಲ್ಲಿ 1963ರ ಏಪ್ರಿಲಿನಲ್ಲಿ ಧ್ವನಿಮುದ್ರಿಸಿದ ಹಾಡು ಅದು. ಮೈಕನ್ನು ಎತ್ತರದಲ್ಲಿ ತೂಗುಹಾಕಿದ್ದರು. ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ ಗಾಯಕ ಕತ್ತೆತ್ತಿ ಕೂಗಬೇಕಾಯಿತು. ಒಂದಕ್ಷರವೂ ಯಾರಿಗೂ ತಿಳಿಯಲಿಲ್ಲ. ತಿಳಿಯದ್ದು ಅಶ್ಲೀಲವೇ ಇರಬೇಕೆಂದು ತಂದೆತಾಯಂದಿರು ದೂರಿತ್ತರು. ಎಫ್‌ಬಿಐನವರು ತಟ್ಟೆಯನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ತಿರುಗಿಸಿ ಕೇಳಿ, ಎರಡು ವರ್ಷ ಕಡತ ಬೆಳೆಸಿ, ಯಾವ ವೇಗದಲ್ಲೂ ಅರ್ಥವಾಗದೆಂಬ ನಿರ್ಧಾರಕ್ಕೆ ಬಂದರು. ಇದನ್ನೆಲ್ಲ ನಾನು ಪೀಠಿಕೆಯಾಗಿ ಹೇಳುತ್ತಿದ್ದರೆ ಅಮ್ಮ “ಶ್” ಎಂದಳು. ಅವಳ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಗಿಟಾರಿನ ಸರದಿ ಮುಗಿದು ಗಾಯಕ ಮತ್ತೆ ಬಾಯಿ ತೆರೆದ ಕ್ಷಣ ಆ ಕೈ ನಿಂತಿತು.

“ಎಡುಪು ತಪ್ಪಿದ. ಮುಂಚೆಯೇ ಎತ್ತಿಕೊಂಡ, ಅರ್ಧಕ್ಕೆ ನುಂಗಿದ. ಡೋಲಿನವನು ನಡುವೆ ನುಡಿಸಿ ಮಾನ ಉಳಿಸಿದ ನೋಡು.”

ಎಡುಪು ಎಂದರೆ ತಾಳದಲ್ಲಿ ಹಾಡನ್ನು ಎತ್ತಿಕೊಳ್ಳುವ ಜಾಗ. ಅಮ್ಮ ಹೇಳಿದ್ದು ಅಕ್ಷರಶಃ ನಿಜ. ಗಾಯಕ ಅವಸರಪಟ್ಟದ್ದನ್ನೂ ಡ್ರಮ್ಮಿನವನು ಅದನ್ನು ಮುಚ್ಚಿದ್ದನ್ನೂ ಅರವತ್ತು ವರ್ಷಗಳಿಂದ ಅಭಿಮಾನಿಗಳು ಪವಾಡದಂತೆ ಬಣ್ಣಿಸುತ್ತ ಬಂದಿದ್ದಾರೆ. ಹೀಗೆ ಹೇಳಿ, ತಪ್ಪಿದ್ದರಿಂದಲೇ ಅದು ದೊಡ್ಡ ಹಾಡೆಂದು ನಾನು ವಾದಿಸಿದೆ. ತನ್ನ ಶಿಷ್ಯೆಯರು ಹಾಗೆ ತಪ್ಪಿದ್ದರೆ ಹತ್ತು ಸಲ ಹಾಡಿಸುತ್ತಿದ್ದೆನೆಂದು ಹೇಳಿ ಅಮ್ಮ ಎದ್ದು ಹೋದಳು.

ಆದರೆ ಮರುದಿನ ಊಟವಾದ ಮೇಲೆ ಬಂದು ಸೋಫಾದಲ್ಲಿ ಕುಳಿತು, “ಆ ಎಡುಪು ತಪ್ಪುವ ಹುಡುಗನನ್ನು ಹಾಕೋ” ಎಂದಳು. ಅಂದಿನಿಂದ ಊರಿಗೆ ಹೊರಡುವವರೆಗೂ ಅದು ರಾತ್ರಿಯ ಕ್ರಮವಾಯಿತು. ತೊಡೆಯ ಮೇಲೆ ಕೈಯಿಟ್ಟು ಕಾದಿರುವಳು, ಅವನು ತಪ್ಪಿದೊಡನೆ “ಹಾಂ!” ಎಂದು ತೃಪ್ತಿಯಿಂದ ತಲೆದೂಗಿ, ಸೆರಗು ಸರಿಪಡಿಸಿಕೊಂಡು ಮಲಗಲು ಹೋಗುವಳು. ಹಾಡಿನ ಉಳಿದ ಭಾಗವನ್ನು ಅವಳು ಇಂದಿಗೂ ಕೇಳಿಲ್ಲ.