ಗೊತ್ತುಗುರಿಯಿಲ್ಲದೆ, 2.40ರಿಂದ 3.00

ಗುಂಪು ಪ್ರವಾಸದ ವೇಳಾಪಟ್ಟಿಯೊಂದು ಮೊಬೈಲಿಗೆ ಬಂತು. ಬಣ್ಣಬಣ್ಣದ ಚೌಕಗಳು, ಚೌಕಕ್ಕೊಂದು ಗಂಟೆ, ಗಂಟೆಗಿಷ್ಟು ನಿಮಿಷ. ಮಧ್ಯಾಹ್ನದ ಸಾಲಿನಲ್ಲಿ ಹೀಗಿತ್ತು: ‘2.40ರಿಂದ 3.00: ಹಳೆಯ ಓಣಿಗಳಲ್ಲಿ ಗೊತ್ತುಗುರಿಯಿಲ್ಲದ ಅಲೆದಾಟ.’ ಅದರ ಕೆಳಗೆ: ‘3.05: ಎಲ್ಲರೂ ಗಡಿಯಾರ ಗೋಪುರದ ಬಳಿ.’

ಗೊತ್ತುಗುರಿಯಿಲ್ಲದೆ ಅಲೆಯಲು ಹೊರಟವನು ಮೂರು ಗಂಟೆ ಐದು ನಿಮಿಷಕ್ಕೆ ಗೋಪುರದ ಬುಡದಲ್ಲಿ ನಿಂತಿರಬೇಕು ಎಂದಮೇಲೆ ಅವನು ಅಲೆದದ್ದೆಲ್ಲಿ ಬಂತು? ಬಳಸುದಾರಿ ಹಿಡಿದು ಗೋಪುರಕ್ಕೆ ಹೋದ, ಅಷ್ಟೆ. ಪಟ್ಟಿ ಮಾಡಿದವರ ಮೇಲೆ ನನಗೆ ಕೋಪವಿಲ್ಲ ಎಂದು ಬರೆಯಬೇಕೆಂದುಕೊಂಡಿದ್ದೆ. ಇದೆ.

ಇಂಥ ಪಟ್ಟಿಗಳನ್ನು ಮಾಡುವವರು ನಕ್ಷೆಯ ಮೇಲೆ ಬೆರಳಾಡಿಸಿ ದೂರ ಅಳೆಯುತ್ತಾರೆ. ಬೆರಳಿಗೆ ಏರು ಗೊತ್ತಾಗುವುದಿಲ್ಲ. ಲಿಸ್ಬನ್ನಿನ ಹಳೆಯ ಕೇರಿ ಅಲ್ಫಾಮದ ಮೆಟ್ಟಿಲುಗಳೂ ವೆನಿಸ್ಸಿನ ಸೇತುವೆಗಳ ಮೆಟ್ಟಿಲುಗಳೂ ಬೆರಳಿಗೆ ಒಂದೇ ನುಣುಪು. ‘ಕೇವಲ ಹನ್ನೆರಡು ನಿಮಿಷದ ನಡಿಗೆ’ ಎಂದು ಮೊಬೈಲ್ ಹೇಳುತ್ತದೆ. ಯಾರ ನಡಿಗೆ? ಗಂಟೆಗೆ ಐದು ಕಿಲೋಮೀಟರಿನಂತೆ ನಡೆಯುವ ಆ ಒಂಟಿ ಮನುಷ್ಯನನ್ನು ನಾನು ಯಾವ ಗುಂಪಿನಲ್ಲೂ ಕಂಡಿಲ್ಲ. ಅವನ ಶೂ ಲೇಸು ಬಿಚ್ಚಿಕೊಳ್ಳುವುದಿಲ್ಲ, ಮಂಡಿ ನೋಯುವುದಿಲ್ಲ, ಕಿಟಕಿಯ ಮೇಲೆ ಮಲಗಿರುವ ಬೆಕ್ಕಿನ ಚಿತ್ರ ತೆಗೆಯುವ ಹುಚ್ಚೂ ಅವನಿಗಿಲ್ಲ. ಸ್ಕಾಟ್‌ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲೇ ಒಂದು ಲೆಕ್ಕ ಹೇಳಿಕೊಟ್ಟಿದ್ದ: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿದರೆ ಇನ್ನೊಂದು ಗಂಟೆ. ಬೆಟ್ಟ ಹತ್ತುವ ಗಟ್ಟಿ ಆಳುಗಳಿಗೇ ಏರಿನ ಹೆಸರಿನಲ್ಲಿ ರಿಯಾಯಿತಿ ಇತ್ತು. ನಮಗಿಲ್ಲ.

ಜೊತೆಗೆ ಗುಂಪು ನಡಿಗೆಯಲ್ಲಿ ಒಂದು ಘೋರ ಅನ್ಯಾಯ ನಡೆಯುತ್ತದೆ. ಮುಂದಿನವರು ಬೇಗ ತಲುಪಿ, ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಹಿಂದಿನವರಿಗಾಗಿ ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದು ಸೇರಿದ ಗಳಿಗೆಗೇ ‘ಎಲ್ಲರೂ ಬಂದರಲ್ಲ, ಇನ್ನು ಹೊರಡೋಣ’ ಎಂಬ ಕೂಗು. ದಣಿಯದವರಿಗೆ ವಿಶ್ರಾಂತಿ, ದಣಿದವರಿಗೆ ಪ್ರಯಾಣ. ಪ್ರತಿಯೊಂದು ಸಿಗ್ನಲ್ಲೂ ಗುಂಪನ್ನು ಎರಡು ಹೋಳು ಮಾಡುತ್ತದೆ. ಇನ್ನು ಶೌಚಾಲಯ. ಎರಡು ಬಾಗಿಲು, ಇಪ್ಪತ್ತು ಜನ, ತಲೆಗೆ ಮೂರು ನಿಮಿಷವೆಂದರೂ ಅರ್ಧ ಗಂಟೆ. ನಾನು ಕಂಡ ಯಾವ ಪಟ್ಟಿಯಲ್ಲೂ ಈ ಅರ್ಧ ಗಂಟೆಗೆ ಬಣ್ಣದ ಚೌಕವಿಲ್ಲ. ಪಟ್ಟಿಯಲ್ಲಿರುವ ಜನರಿಗೆ ಮೂತ್ರಕೋಶವೇ ಇರುವುದಿಲ್ಲ.

ಇದರ ಮೇಲೆ ‘ಊರಿನ ಬದುಕಿನಲ್ಲಿ ಬೆರೆಯಿರಿ’ ಎಂಬ ತಲೆಬರಹ ಬೇರೆ. ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡ ಮೂವತ್ತು ಜನ ಇಕ್ಕಟ್ಟಾದ ಓಣಿಯೊಳಗೆ ನುಗ್ಗಿದರೆ ಬೆರೆಯಲು ಬದುಕೆಲ್ಲಿರುತ್ತದೆ? ಅದು ಗೋಡೆಗೆ ಬೆನ್ನು ಆನಿಸಿ ಇವರು ದಾಟಿಹೋಗುವುದನ್ನೇ ಕಾಯುತ್ತಿರುತ್ತದೆ. ವೆನಿಸ್ ನಗರ 2024ರಲ್ಲಿ ಇಪ್ಪತ್ತೈದಕ್ಕಿಂತ ಹೆಚ್ಚು ಜನರ ಪ್ರವಾಸಿ ಗುಂಪುಗಳನ್ನೂ ಮಾರ್ಗದರ್ಶಕರ ಧ್ವನಿವರ್ಧಕವನ್ನೂ ನಿಷೇಧಿಸಿದ್ದು ಸುಮ್ಮನೆ ಅಲ್ಲ.

ಒಂದು ಊರನ್ನು ಕಾಲ್ನಡಿಗೆಯಲ್ಲಿ ನೋಡುವ ಪಟ್ಟಿಯನ್ನು ಹೇಗೆ ಮಾಡಬೇಕು ಎಂಬ ಬಗ್ಗೆ ನನ್ನದೇ ಆದ ಒಂದು ಸೂತ್ರವಿದೆ. ಆದರೆ ಅದಕ್ಕೆ ಮೊದಲು ಕೋನಿಗ್ಸ್‌ಬರ್ಗ್ ಊರಿನ ಕಥೆ ಹೇಳಬೇಕು.

ಪ್ರೆಗೆಲ್ ನದಿಯ ದಡದ ಊರು ಅದು. ಈಗ ರಷ್ಯಾದಲ್ಲಿದೆ, ಹೆಸರು ಕಲಿನಿನ್‌ಗ್ರಾಡ್. ನದಿ ಕವಲೊಡೆದು ಊರನ್ನು ನಾಲ್ಕು ತುಂಡು ಮಾಡಿತ್ತು: ಎರಡು ದಡ, ಎರಡು ದ್ವೀಪ. ಅವುಗಳ ನಡುವೆ ಏಳು ಸೇತುವೆ. ಕಮ್ಮಾರರದ್ದೊಂದು, ಮರದ್ದೊಂದು, ಜೇನಿನ ಹೆಸರಿನದ್ದೊಂದು, ಹೀಗೆ. ಏಳೂ ಸೇತುವೆಗಳನ್ನು ಒಂದೊಂದೇ ಸಲ ದಾಟಿ, ದಾಟಿದ್ದನ್ನು ಮತ್ತೆ ದಾಟದೆ ಊರು ಸುತ್ತಿ ಬರಬಹುದೇ ಎಂಬುದು ಅಲ್ಲಿನ ಒಗಟು. ಯೋಚಿಸಿ ನೋಡಿದರೆ ಇದು ಅಪ್ಪಟ ಪ್ರವಾಸ ಪಟ್ಟಿಯ ಸಮಸ್ಯೆ: ಎಲ್ಲವನ್ನೂ ನೋಡಬೇಕು, ಯಾವುದನ್ನೂ ಎರಡು ಸಲ ನೋಡಬಾರದು, ಕಾಲು ಸವೆಯಬಾರದು.

ಒಗಟು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಗಣಿತಜ್ಞ ಲಿಯೋನಾರ್ಡ್ ಆಯ್ಲರ್‌ನ ಕಿವಿಗೆ ಬಿತ್ತು. 1735ರಲ್ಲಿ ಅವನು ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಉತ್ತರ ಇಟ್ಟ. ಒಂದು ಸೇತುವೆಯಿಂದ ಒಂದು ತುಂಡು ನೆಲಕ್ಕೆ ಬಂದವನಿಗೆ ಹೊರಹೋಗಲು ಇನ್ನೊಂದು ಸೇತುವೆ ಬೇಕು. ಅಂದರೆ ಸೇತುವೆಗಳು ಜೋಡಿಜೋಡಿಯಾಗಿರಬೇಕು. ಬೆಸಸಂಖ್ಯೆಯಲ್ಲಿದ್ದರೆ ಆ ನೆಲ ನಡಿಗೆಯ ಆರಂಭವೋ ಕೊನೆಯೋ ಆಗಿರಲೇಬೇಕು. ಆರಂಭ ಒಂದು, ಕೊನೆ ಒಂದು, ಬೆಸವಾಗಿರಬಹುದಾದದ್ದು ಎರಡೇ. ಕೋನಿಗ್ಸ್‌ಬರ್ಗಿನಲ್ಲಿ ನಾಲ್ಕೂ ತುಂಡುಗಳು ಬೆಸ. ಒಂದಕ್ಕೆ ಐದು ಸೇತುವೆ, ಉಳಿದ ಮೂರಕ್ಕೆ ಮೂರು ಮೂರು. ಆದ್ದರಿಂದ, ಆಗುವುದಿಲ್ಲ.

ಈ ‘ಆಗುವುದಿಲ್ಲ’ ನನಗೆ ಬಹಳ ಇಷ್ಟ. ಗ್ರಾಫ್ ಸಿದ್ಧಾಂತ ಎಂಬ ಗಣಿತದ ಶಾಖೆಯ ಮೂಲ ಇಲ್ಲಿದೆ ಎನ್ನುತ್ತಾರೆ. ಇರಲಿ. ನನಗೆ ಮುಖ್ಯವಾದದ್ದು, ನಡಿಗೆಯ ಪಟ್ಟಿ ಕೇಳಿದವರಿಗೆ ಆಗುವುದಿಲ್ಲ ಎಂದ ಒಬ್ಬನೇ ಒಬ್ಬ ಆಯೋಜಕ ಚರಿತ್ರೆಯಲ್ಲಿ ಸಿಕ್ಕಿದನಲ್ಲ ಎಂಬುದು. ‘ಸ್ವಲ್ಪ ಬೇಗ ಎದ್ದರೆ ಆಗುತ್ತದೆ’ ಎನ್ನಲಿಲ್ಲ. ‘ಆರನೆಯ ಸೇತುವೆಯನ್ನು ಬಸ್ಸಿನಿಂದಲೇ ತೋರಿಸುತ್ತೇವೆ’ ಎನ್ನಲಿಲ್ಲ. ಡಾಂಜಿಗ್ ನಗರದ ಎಹ್ಲರ್ ಎಂಬುವರು ಇದರ ಬಗ್ಗೆ ಪತ್ರ ಬರೆದಾಗ, ಇದಕ್ಕೂ ಗಣಿತಕ್ಕೂ ಅಷ್ಟೇನೂ ಸಂಬಂಧ ಕಾಣೆ, ಬರಿಯ ವಿವೇಕ ಸಾಕು ಎಂಬ ಧಾಟಿಯಲ್ಲಿ ಆಯ್ಲರ್ ಉತ್ತರಿಸಿದ್ದ. ಆ ಬರಿಯ ವಿವೇಕಕ್ಕೇ ಈಗ ಬರ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡನೆಯ ಮಹಾಯುದ್ಧದ ಬಾಂಬುಗಳು ಎರಡು ಸೇತುವೆಗಳನ್ನು ತೆಗೆದುಕೊಂಡು ಹೋದವು. ಆಮೇಲೆ ಇನ್ನೆರಡನ್ನು ಕೆಡವಿ ಅವುಗಳ ಜಾಗದಲ್ಲಿ ದೊಡ್ಡ ರಸ್ತೆ ಹಾಯಿಸಿದರು; ಆ ರಸ್ತೆಯೂ ನದಿಯನ್ನು ಎರಡು ಕಡೆ ದಾಟುತ್ತದೆ. ಹಾಗಾಗಿ ಆ ಹಳೆಯ ಏಳರ ಜಾಗಗಳಲ್ಲಿ ಈಗ ದಾಟಲು ಉಳಿದಿರುವುದು ಐದು. ಲೆಕ್ಕ ಹಾಕಿ ನೋಡಿದರೆ, ಐದನ್ನೂ ಒಂದೊಂದೇ ಸಲ ದಾಟಲು ಸಾಧ್ಯ! ಒಂದೇ ತೊಡಕು: ಒಂದು ದ್ವೀಪದಲ್ಲಿ ಹೊರಟರೆ ಇನ್ನೊಂದು ದ್ವೀಪದಲ್ಲಿ ಮುಗಿಯುತ್ತದೆ. ಅಂದರೆ ಗುಂಪು ಇಲ್ಲಿ, ಗುಂಪಿನ ಸಾಮಾನು ಅಲ್ಲಿ. ನಗರವನ್ನು ಪ್ರವಾಸ ಪಟ್ಟಿಗೆ ಹೊಂದಿಸಲು ಇಷ್ಟು ಹಾನಿಯಾಗಬೇಕಾಯಿತು, ಆದರೂ ಪೂರ್ತಿ ಹೊಂದಲಿಲ್ಲ.

ಆಯ್ಲರ್ ಉತ್ತರ ಕೊಟ್ಟ ವರ್ಷ ಅದೇ ಊರಿನಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದ. ಬೆಳೆದು ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಆದ. ದಿನವೂ ತಪ್ಪದೆ ನಡೆಯುತ್ತಿದ್ದ ಎಂದು ಎಲ್ಲರೂ ಹೇಳುತ್ತಾರೆ. ವಯಸ್ಸಾದಮೇಲೆ ಏಕೆ ಒಬ್ಬನೇ ನಡೆಯುತ್ತಿದ್ದ ಎಂಬುದನ್ನು ಹೇಳುವವರು ಕಡಿಮೆ. ನಡೆಯುವಾಗ ಬಾಯಿ ಮುಚ್ಚಿ ಮೂಗಿನಿಂದ ಮಾತ್ರ ಉಸಿರಾಡಬೇಕು, ಅದೇ ಆರೋಗ್ಯ ಎಂಬುದು ಅವನ ನಂಬಿಕೆ. ಜೊತೆಗೆ ಯಾರಾದರೂ ಬಂದರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ ಬಾಯಿ ತೆರೆಯಬೇಕಾಗುತ್ತದೆ. ಆದ್ದರಿಂದ ಜೊತೆಯೇ ಬೇಡ.

ಎಂಥ ನಿಯಮ! ಗುಂಪು ಪ್ರವಾಸಗಳಿಗೆ ಇದನ್ನು ಅನ್ವಯಿಸಿದರೆ ಎಷ್ಟು ಚೆನ್ನ ಎಂದು ನನಗನ್ನಿಸುತ್ತದೆ. ಮೂವತ್ತು ಜನ, ಮೂವತ್ತು ಮುಚ್ಚಿದ ಬಾಯಿ. ‘ಇನ್ನೆಷ್ಟು ದೂರ’ ಎಂದು ಯಾರೂ ಕೇಳುವಂತಿಲ್ಲ, ‘ಎಲ್ಲರೂ ಬಂದರಲ್ಲ’ ಎಂದು ಯಾರೂ ಕೂಗುವಂತಿಲ್ಲ. ಓಣಿಯವರಿಗೂ ನೆಮ್ಮದಿ. ಮಾರ್ಗದರ್ಶಕರನ್ನು ಏನು ಮಾಡುವುದು ಎಂಬುದೊಂದೇ ಬಗೆಹರಿಯುತ್ತಿಲ್ಲ. ಹಣ ಕೊಟ್ಟವರಿಗೆ ಏನಾದರೂ ಹೇಳದೆ ಇರಲು ಅವರಿಗೆ ಆಗುವುದಿಲ್ಲ; ಮೂಗಿನಿಂದ ಹೇಳಿದರೆ ನಮಗೆ ಅರ್ಥವಾಗುವುದಿಲ್ಲ.