ಕುಂಬಳಕಾಯಿಯ ಬಿಯರು

ವಿಜಯದಶಮಿಯ ಮಾರನೆಯ ಸಂಜೆ, ಹೊರಗೆ ಮಳೆ ಸುರಿಯುತ್ತಿರುವಾಗ, ಇಂದಿರಾನಗರದ ಬ್ರೂವರಿಯೊಂದರ ಪರಿಚಾರಕನು ನಮ್ಮ ಮೇಜಿನ ಮೇಲೆ ತ್ರಿಕೋನಾಕಾರದ ರಟ್ಟೊಂದನ್ನು ನಿಲ್ಲಿಸಿ ಹೋದನು. ಅದರ ಮೇಲೆ ಕೆಂಪು ಮೇಪಲ್ ಎಲೆಯೊಂದು ಉದುರುತ್ತಿತ್ತು. ಅದರ ಕೆಳಗೆ ‘ಆಟಮ್ ಸ್ಪೆಷಲ್: ಪಂಪ್ಕಿನ್ ಏಲ್’ ಎಂದು ಬರೆದಿತ್ತು. ನನ್ನ ಮನಸ್ಸು ಕೆಟ್ಟದ್ದು ಬಿಯರಿನಿಂದಲ್ಲ, ಆ ಎಲೆಯಿಂದ.

ಅಕ್ಟೋಬರಿನ ಬೆಂಗಳೂರಿನಲ್ಲಿ ಕೊಂಬೆಗಳು ಉದುರುತ್ತವೆ, ಕೆಲವೊಮ್ಮೆ ಇಡೀ ಮರವೇ ಬುಡಮೇಲಾಗಿ ಯಾರದೋ ಕಾರಿನ ಮೇಲೆ ಮಲಗುತ್ತದೆ. ಎಲೆ ಮಾತ್ರ ಹಾಗೆ ಕೆಂಪಾಗಿ, ಸಾವಧಾನವಾಗಿ ಉದುರುವುದಿಲ್ಲ. ಕಬ್ಬನ್ ಪಾರ್ಕಿನ ಮರಗಳು ಎಲೆ ಕಳಚುವುದು ಸಂಕ್ರಾಂತಿಯ ಆಸುಪಾಸಿನಲ್ಲಿ, ಯುಗಾದಿಯ ಹೊತ್ತಿಗೆ ಹೊಂಗೆ ಮತ್ತೆ ಚಿಗುರಿ ನಿಂತಿರುತ್ತದೆ. ಶರದೃತು ನಮಗೂ ಉಂಟು, ಆಶ್ವಯುಜ ಮತ್ತು ಕಾರ್ತಿಕ ಮಾಸಗಳ ಆ ಋತು ಪಂಚಾಂಗದ ಪ್ರಕಾರ ತಿಳಿಯಾದ ಆಕಾಶದ್ದು, ಬೆಳದಿಂಗಳಿನದು. ಈ ಊರಿನಲ್ಲಿ ಅದನ್ನು ಕೊಡೆಯ ಕೆಳಗಿನಿಂದ ಕಲ್ಪಿಸಿಕೊಳ್ಳಬೇಕು. ಇಷ್ಟನ್ನು ನಾನು ಹೇಳಿ ಮುಗಿಸುವವರೆಗೂ ತಾಳ್ಮೆಯಿಂದಿದ್ದ ನನ್ನ ಅಕ್ಕನ ಮಗನು, “ಅದು ಎಲೆಯಲ್ಲ ಮಾಮ, ಥೀಮ್” ಎಂದನು.

ಋತುವಿಗೊಂದು ಬಿಯರು ಎನ್ನುವುದರ ಬಗ್ಗೆ ನನಗೆ ತಕರಾರಿಲ್ಲ. ಜರ್ಮನಿಯ ಬವೇರಿಯಾದಲ್ಲಿ 1553ರ ಒಂದು ಕಟ್ಟಳೆಯು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನೇ ನಿಷೇಧಿಸಿತ್ತು, ಏಕೆಂದರೆ ಬೇಸಿಗೆಯ ಸೆಕೆಯಲ್ಲಿ ಮಾಡಿದ್ದು ಹುಳಿದು ಹಾಳಾಗುತ್ತಿತ್ತು. ಆದ್ದರಿಂದ ಅಲ್ಲಿಯವರು ಮಾರ್ಚ್ ತಿಂಗಳಲ್ಲಿ ತುಸು ಗಟ್ಟಿಯಾದ ಬಿಯರನ್ನು ಮಾಡಿ, ತಂಪಾದ ನೆಲಮಾಳಿಗೆಗಳಲ್ಲಿಟ್ಟು, ಹೊಸ ಫಸಲಿನ ಹೊತ್ತಿಗೆ ಪೀಪಾಯಿಗಳನ್ನು ಬರಿದು ಮಾಡುತ್ತಿದ್ದರು. ಅದಕ್ಕೆ ಇಂದಿಗೂ ಮಾರ್ಟ್ಸೆನ್, ಅಂದರೆ ಮಾರ್ಚಿನದು, ಎಂದೇ ಹೆಸರು. ಬಿಸಿಲಿನಲ್ಲಿ ಹಪ್ಪಳ ಸಂಡಿಗೆ ಒಣಗಿಸಿ ಆಷಾಢದಲ್ಲಿ ಡಬ್ಬಿ ತೆಗೆಯುತ್ತಿದ್ದ ನಮ್ಮ ಅಜ್ಜಿಗೆ ಈ ಲೆಕ್ಕಾಚಾರವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ನಮ್ಮೆದುರಿನ ಗಾಜಿನ ಗೋಡೆಯ ಹಿಂದೆ, ಯಂತ್ರದ ಚಳಿಯಲ್ಲಿ ಸಾಲಾಗಿ ನಿಂತಿದ್ದ ಸ್ಟೀಲ್ ಟ್ಯಾಂಕುಗಳಿಗೆ ಚೈತ್ರವೂ ಒಂದೇ, ಆಶ್ವಯುಜವೂ ಒಂದೇ.

ರುಚಿ ನೋಡಲೆಂದು ಕೊಟ್ಟ ಪುಟ್ಟ ಗ್ಲಾಸನ್ನು ಮೂಗಿನ ಬಳಿ ಹಿಡಿದಾಗ ಮೊದಲು ಬಂದದ್ದು ದಾಲ್ಚಿನ್ನಿ, ಹಿಂದೆಯೇ ಲವಂಗ, ಕೊನೆಗೆ ಜಾಯಿಕಾಯಿ. ಬಿಸಿಬೇಳೆಬಾತಿನ ಪುಡಿಗೆ ಮಸಾಲೆ ಹುರಿಯುತ್ತಿರುವ ಅಡುಗೆಮನೆಗೆ ಯಾರೋ ತಣ್ಣಗಿನ ಬಿಯರ್ ಚೆಲ್ಲಿದಂತಿತ್ತು. ಕುಂಬಳಕಾಯಿಯ ಸುಳಿವೇ ಇರಲಿಲ್ಲ. ಇದು ನನ್ನ ನಾಲಿಗೆಯ ದೋಷವೇನಲ್ಲ: ಅಮೆರಿಕಕ್ಕೆ ಮೊದಮೊದಲು ಬಂದ ಯುರೋಪಿನ ವಲಸೆಗಾರರು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಸಾಲದೆ ಕುಂಬಳಕಾಯಿಯನ್ನು ಹುದುಗಿಸುತ್ತಿದ್ದುದು ಹೊಟ್ಟೆಪಾಡಿನ ಉಪಾಯವಾಗಿತ್ತು, 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೇವರ್ಡ್‌ನಲ್ಲಿ ಬಿಲ್ ಓವೆನ್ಸ್ ಎಂಬ ಬಿಯರ್ ತಯಾರಕನು ಅದನ್ನು ಮತ್ತೆ ಮಾಡಿದಾಗ, ಬಿಯರಿನಲ್ಲಿ ಕಾಯಿಯ ರುಚಿಯೇ ಹತ್ತದೆ, ಅಂಗಡಿಯಿಂದ ಪಂಪ್ಕಿನ್ ಪೈ ಎಂಬ ಅಲ್ಲಿನ ಸಿಹಿತಿನಿಸಿನ ಮಸಾಲೆಯನ್ನು ತಂದು ಸೇರಿಸಬೇಕಾಯಿತು. ಹೆಸರು ಕುಂಬಳಕಾಯಿಯದು, ದುಡಿಮೆ ಲವಂಗದ್ದು.

“ಹಾಗಾದರೆ ಇವರು ನಿನ್ನೆ ಮೊನ್ನೆ ರಸ್ತೆಯಲ್ಲಿ ಒಡೆದ ಕಾಯಿಗಳನ್ನೇ ಹಾಕಿದ್ದರೂ ನಡೆಯುತ್ತಿತ್ತು, ಎರಡೂ ಪಂಪ್ಕಿನ್ ತಾನೇ?” ಎಂದು ಹುಡುಗನು ನಕ್ಕನು. ಎರಡೂ ಒಂದೇ ಅಲ್ಲ. ಬಿಯರಿಗೆ ಬೀಳುವುದು ಹುಳಿಗೂ ಪಲ್ಯಕ್ಕೂ ಒಗ್ಗುವ ಸಿಹಿಗುಂಬಳ. ಆಯುಧಪೂಜೆಗೆ ಒಡೆಯುವುದು ಬೂದುಗುಂಬಳ, ಮತ್ತು ಅದರ ವಿಷಯದಲ್ಲಿ ನನಗೆ ತಮಾಷೆ ಸೇರುವುದಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಒಂದು ಬಜಾಜ್ ಚೇತಕ್ ಇತ್ತು. ಅದರ ಪೂಜೆಯನ್ನು ಅಪ್ಪನು ಮದುವೆಯಷ್ಟು ಗಂಭೀರವಾಗಿ ನಡೆಸುತ್ತಿದ್ದರು. ಕಾಯಿಯನ್ನು ಆರಿಸಲು ಗಾಂಧಿ ಬಜಾರಿನಲ್ಲಿ ಒಂದು ಗಂಟೆ ಬೇಕಾಗುತ್ತಿತ್ತು. ಬೂದಿ ಸಮನಾಗಿ ಕೂತಿರಬೇಕು, ತೊಟ್ಟು ಮುರಿದಿರಬಾರದು, ಹಿಂದಿನ ಬೀದಿಯ ರಾಯರು ಒಯ್ದುದಕ್ಕಿಂತ ಚಿಕ್ಕದಾಗಿರಬಾರದು. ಒಂದು ವರ್ಷ ತಂದ ಕಾಯಿ ಎಷ್ಟು ದೊಡ್ಡದಾಗಿತ್ತೆಂದರೆ ನಾನು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ದಾರಿಯುದ್ದಕ್ಕೂ ಮಗುವಿನಂತೆ ತಬ್ಬಿಕೊಂಡು ಬಂದಿದ್ದೆ. ಅಪ್ಪನು ಅದನ್ನು ಕೊರೆದು, ಕುಂಕುಮವನ್ನೂ ಚಿಲ್ಲರೆಯನ್ನೂ ತುಂಬಿ, ಕರ್ಪೂರ ಹಚ್ಚಿ, ಸ್ಕೂಟರಿಗೆ ಮೂರು ಸುತ್ತು ನಿವಾಳಿಸಿ, ಬೀದಿಯ ತಿರುವಿನಲ್ಲಿ ಅಪ್ಪಳಿಸಿದರು. ಸಂಜೆ ನಾನು ಹಾಲು ತರಲೆಂದು ಹೊರಟು ಅದೇ ತಿರುವಿನಲ್ಲಿ, ಅದೇ ತಿರುಳಿನ ಮೇಲೆ, ಅದೇ ಸ್ಕೂಟರಿನೊಂದಿಗೆ ಜಾರಿದೆ. ಜನ ಸೇರಿದರು. ಪೆಟ್ಟಾಯಿತೇ ಎಂದು ಕೇಳಬೇಕಾದವರು, ಇದನ್ನು ದಾರಿಯ ನಡುವೆ ಒಡೆದ ಅವಿವೇಕಿ ಯಾರು ಎಂದು ಕೇಳತೊಡಗಿದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯನ್ನು ಬಲ್ಲವನಾದರೂ ನನ್ನ ಕೈ ಹೆಗಲಿಗೇ ಹೋಯಿತು. ಅಲ್ಲಿ ಬೀಜ, ಕುಂಕುಮ ಮತ್ತು ನಮ್ಮ ಮನೆಯದೇ ಒಂದು ಎಂಟಾಣೆ ಅಂಟಿಕೊಂಡಿದ್ದವು. ಮೊಣಕೈಗೆ ನಾಲ್ಕು ಹೊಲಿಗೆ ಬಿದ್ದವು. ಅಪ್ಪನು ಮಾತ್ರ, ದೊಡ್ಡದಾಗಿ ಆಗಬೇಕಾಗಿದ್ದುದು ಕುಂಬಳಕಾಯಿಯ ದೆಸೆಯಿಂದ ಇಷ್ಟಕ್ಕೇ ಮುಗಿಯಿತೆಂದು ಕೊನೆಯವರೆಗೂ ನಂಬಿದ್ದರು, ಮುಂದಿನ ವರ್ಷ ಇನ್ನೂ ದೊಡ್ಡ ಕಾಯಿಯನ್ನು ತಂದರು.

ಇದನ್ನೆಲ್ಲ ಹೇಳುವಷ್ಟರಲ್ಲಿ ಗ್ಲಾಸಿನಲ್ಲಿದ್ದುದು ಬೆಚ್ಚಗಾಗಿತ್ತು. ಬೆಚ್ಚಗಾದ ಮೇಲೆ ತಳದಲ್ಲಿ ಬೆಲ್ಲದ ಪಾಕದಂಥ, ಬೇಯಿಸಿದ ಹೋಳಿನಂಥ ಏನೋ ಒಂದು ನಾಲಿಗೆಗೆ ತಾಗಿದಂತಾಯಿತು. ಖಚಿತಪಡಿಸಿಕೊಳ್ಳಲೆಂದೇ ದೊಡ್ಡ ಗ್ಲಾಸನ್ನು ತರಿಸಿದೆ. ಅದರಲ್ಲಿ ಮತ್ತೆ ಲವಂಗವೇ ಇತ್ತು. ಬಿಲ್ಲಿನ ಜೊತೆಗೆ ಬಂದ ಅಭಿಪ್ರಾಯದ ಚೀಟಿಯಲ್ಲಿ ಬಿಯರಿಗೆ ಐದರಲ್ಲಿ ಮೂರು ನಕ್ಷತ್ರ ಕೊಟ್ಟೆ; ಎಲೆಗೆ ಅಂಕ ಕೊಡಲು ಜಾಗವಿರಲಿಲ್ಲ.

ಮೀಟರಿನ ಮೇಲೆ ಅರ್ಧ ಕೇಳಿದ ಆಟೋದ ಮುಂಬದಿಯಲ್ಲಿ ಬಾಡಿದ ಬಾಳೆಕಂದುಗಳು ಇನ್ನೂ ಜೋತಾಡುತ್ತಿದ್ದವು. ದೊಮ್ಮಲೂರಿನ ತಿರುವೊಂದರಲ್ಲಿ, ಮಳೆಯಲ್ಲಿ ತೊಯ್ದು ಹರಡಿದ್ದ ಕುಂಬಳಕಾಯಿಯ ಚೂರುಗಳನ್ನು ಚಾಲಕನು ಜಾಣತನದಿಂದ ತಪ್ಪಿಸಿದನು. ನಾನು ಅರಿವಿಲ್ಲದೆ ಮೊಣಕೈಯನ್ನು ಹಿಡಿದುಕೊಂಡೆ. ಅವನು ಕನ್ನಡಿಯಲ್ಲಿ ನಮ್ಮನ್ನು ನೋಡಿ, ಗಾಳಿಯನ್ನು ಒಮ್ಮೆ ಮೂಸಿ, “ಏನ್ ಸಾರ್, ಬಿರಿಯಾನಿ ಊಟವೋ?” ಎಂದು ಕೇಳಿದನು.

ಹೌದೆಂದೆ.