ಮೋತಿಯ ಒಂಬತ್ತು ದಿನಗಳು

ಹದಿಮೂರು ವರ್ಷ ಮನೆಯಲ್ಲಿ ಸಾಕಿದ ನಾಯಿಗೆ ಇಂಜೆಕ್ಷನ್ ಹಾಕಿಸಿ ಶಾಶ್ವತವಾಗಿ ಮಲಗಿಸಿಬಿಟ್ಟಿರಂತೆ, ಮನಸ್ಸಾದರೂ ಹೇಗೆ ಬಂತು ಎಂದು ಕಳೆದ ಎರಡು ತಿಂಗಳಲ್ಲಿ ನನ್ನನ್ನು ಕೇಳಿದವರು ಹಲವರು. ಅವರಿಗೆಲ್ಲ ನಿಂತಲ್ಲೇ ಏನೋ ಒಂದು ಹೇಳಿ ಮಾತು ಬದಲಿಸಿದ್ದೇನೆ. ಇಂಜೆಕ್ಷನ್ ಹಾಕಿಸಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಹಾಕಿಸಲು ಒಂಬತ್ತು ದಿನ ತಡಮಾಡಿದ್ದು ತಪ್ಪೆಂದು ಅನ್ನಿಸಿದೆ. ಬರೆಯಬೇಕೆನಿಸಿದ್ದು ಆ ಒಂಬತ್ತು ದಿನಗಳ ಕುರಿತು.

ಮೋತಿಗೆ ಆಗಿದ್ದು ಮೂತ್ರಪಿಂಡದ ವೈಫಲ್ಯ. ಮೂತ್ರಪಿಂಡದ ಶಕ್ತಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೋಗುವವರೆಗೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲದ ಮಟ್ಟ ಏರಿದ್ದು ಕಾಣುವುದೇ ಇಲ್ಲ ಎಂಬುದು ಈ ಕಾಯಿಲೆಯ ಮೋಸ. ಅದಕ್ಕೂ ಮೊದಲೇ ನಾಯಿ ನೀರು ಹೆಚ್ಚು ಕುಡಿಯತೊಡಗುತ್ತದೆ, ಪದೇಪದೇ ಉಚ್ಚೆಗೆ ಹೋಗುತ್ತದೆ. ಆದರೆ ಮಾರ್ಚ್ ತಿಂಗಳ ಕಲಬುರಗಿಯಲ್ಲಿ ಹೆಚ್ಚು ನೀರು ಕುಡಿಯದವರು ಯಾರು? ಬಿಸಿಲಿಗೆ ಹೀಗೆ ಮಾಡುತ್ತಾನೆಂದು ಬಕೆಟ್ಟಿನ ಪಕ್ಕ ಇನ್ನೊಂದು ಬೋಗುಣಿ ಇಟ್ಟು ಸುಮ್ಮನಾದೆವು. ಏಪ್ರಿಲ್ ಮುಗಿಯುವ ಹೊತ್ತಿಗೆ ಅವನ ಬಾಯಿಂದ ಮೂತ್ರದಂಥ ವಾಸನೆ ಬರತೊಡಗಿತ್ತು. ವೈದ್ಯರು ದಿನ ಬಿಟ್ಟು ದಿನ ಹೆಗಲಿನ ಸಡಿಲ ಚರ್ಮದಡಿ ಸಲೈನ್ ಏರಿಸುತ್ತಿದ್ದರು. ಅದು ಅಲ್ಲಿ ಸಣ್ಣ ಚೀಲದಂತೆ ಉಬ್ಬಿ, ನಿಧಾನವಾಗಿ ಮುಂಗಾಲಿನ ಕಡೆ ಇಳಿದು, ಸಂಜೆಯಾಗುವಷ್ಟರಲ್ಲಿ ಕರಗುತ್ತಿತ್ತು. ಅದರಿಂದ ಮೇ ಮೊದಲ ವಾರ ಚೆನ್ನಾಗಿಯೇ ಹೋಯಿತು. ನಮ್ಮ ಮನೆಯ ನೆಲ ಶಹಾಬಾದ್ ಪರಸಿಯದು, ತುಳಿದು ತುಳಿದು ನುಣುಪಾಗಿದೆ. ಅವನ ಹಿಂಗಾಲು ಜಾರದಿರಲೆಂದು ಕೂಲರಿನಿಂದ ಅಡುಗೆಮನೆಯ ಹೊಸ್ತಿಲವರೆಗೆ ಗೋಣಿಚೀಲ ಹಾಸಿದ್ದೆವು.

ಆ ಹೊಸ್ತಿಲು ಅವನ ಜಾಗ. ಸಂಜೆ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಮನೆಯ ಯಾವ ಮೂಲೆಯಲ್ಲಿದ್ದರೂ ಬಂದು ಅಲ್ಲಿ ಕೂರುತ್ತಿದ್ದ, ಮೊದಲ ರೊಟ್ಟಿಯ ತುಣುಕು ಅವನದೇ. ಮೇ 9ರ ಸಂಜೆ ಅವ್ವ ಐದಾರು ರೊಟ್ಟಿ ಬಡಿದು ಮುಗಿಸಿದರೂ ಅವನ ಕಿವಿ ಅಲುಗಲಿಲ್ಲ. ಅದೇ ದಿನ ಬೆಳಿಗ್ಗೆ ವೈದ್ಯರು, "ಇನ್ನ ಇದು ಗುಣ ಆಗ್ತದಂತ ನಾ ಹೇಳಂಗಿಲ್ರಿ. ಯಾವಾಗ ಅನ್ನೂದು ನೀವೇ ಹೇಳ್ಬೇಕು" ಎಂದಿದ್ದರು. ಎರಡನ್ನೂ ಜೋಡಿಸಿ ನೋಡುವಷ್ಟು ಬುದ್ಧಿ ನನಗಿತ್ತು. ಧೈರ್ಯವಿರಲಿಲ್ಲ.

ಧೈರ್ಯವಿಲ್ಲದವರಿಗೆ ಅನುಕೂಲವಾದ ಮಾತೊಂದಿದೆ: ಸಮಯ ಬಂದಾಗ ನಾಯಿಯೇ ಕಣ್ಣಲ್ಲಿ ಹೇಳುತ್ತದೆ ಎಂಬುದು. ಸಾಕಿದವರ ಬಾಯಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ನಾನೂ ಹೇಳಿದ್ದೇನೆ. ಈಗ ನನಗೆ ಇದು ಬೇಜವಾಬ್ದಾರಿಯ ಮಾತಾಗಿ ಕಾಣುತ್ತದೆ. ನಾಯಿ ನೋವನ್ನು ಅಡಗಿಸುವ ಪ್ರಾಣಿ. ಕುಂಯ್ಗುಡದೆ, ಮೂಲೆ ಸೇರಿ, ಸುಮ್ಮನೆ ಏದುಸಿರು ಬಿಡುತ್ತ ಮಲಗುತ್ತದೆ, ಕರೆದರೆ ಬಾಲದ ತುದಿಯನ್ನೂ ಆಡಿಸುತ್ತದೆ. ಆ ಬಾಲ ನೋಡಿ ನಾವು ಇನ್ನೊಂದು ದಿನ ಮುಂದೂಡುತ್ತೇವೆ. ಇಷ್ಟು ವರ್ಷ ಅದು ಏನು ತಿನ್ನಬೇಕು, ಯಾವಾಗ ಹೊರಗೆ ಹೋಗಬೇಕು, ಮರಿ ಹಾಕಬೇಕೋ ಬೇಡವೋ ಎಂಬುದೆಲ್ಲವನ್ನೂ ನಾವೇ ತೀರ್ಮಾನಿಸಿ, ಕಟ್ಟಕಡೆಯ ಒಂದು ತೀರ್ಮಾನವನ್ನು ಮಾತ್ರ ಅದರ ತಲೆಗೆ ಕಟ್ಟುವುದು ಯಾವ ನ್ಯಾಯ?

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ಕಾಯಿಲೆಬಿದ್ದ ಸಾಕುಪ್ರಾಣಿಯ ಬದುಕು ಎಷ್ಟು ಸಹ್ಯವಾಗಿದೆ ಎಂದು ನೋಡಲು ಒಂದು ಅಳತೆಪಟ್ಟಿ ಮಾಡಿಕೊಟ್ಟಿದ್ದಾರೆ. ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು, ಹೀಗೆ ಏಳು ವಿಷಯಕ್ಕೆ ತಲಾ 10 ಅಂಕ, ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು. ಮೊತ್ತ 35 ದಾಟಿದರೆ ಆರೈಕೆ ಮುಂದುವರಿಸಬಹುದು. ಪಟ್ಟಿ ಒಳ್ಳೆಯದೇ, ಅಂಕ ಹಾಕುವವರು ನಾವು ಎಂಬುದಷ್ಟೇ ತೊಂದರೆ. ಫೇಲಾಗುವ ಹುಡುಗನಿಗೆ ಮಾಸ್ತರರು ಕೃಪಾಂಕ ಕೊಟ್ಟು ಪಾಸು ಮಾಡುವಂತೆ ನಾನು ಮೋತಿಗೆ ದಿನವೂ 36 ಕೊಡುತ್ತಿದ್ದೆ. ನನ್ನ ಕಳ್ಳತನ ನನಗೇ ತಿಳಿದ ಮೇಲೆ ಪಟ್ಟಿ ಬಿಟ್ಟು, ಕೆಟ್ಟ ದಿನವಾದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಗುಣಿಸು ಗುರುತು ಹಾಕುವುದೆಂದು ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ.

ಅವ್ವನ ವಿರೋಧ ಬೇರೆ ಬಗೆಯದು. ಅವಳು ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗುವವಳು, ದತ್ತಾತ್ರೇಯನ ಪಟದಲ್ಲಿ ಕಾಲ ಬಳಿ ನಿಂತಿರುವ ನಾಲ್ಕು ನಾಯಿಗಳಿಗೂ ಕೈಮುಗಿಯುವವಳು. "ಅದರ ಋಣ ಇರೂತನಕ ಇರ್ತದ. ಕೊಟ್ಟಾಂವ ಒಯ್ತಾನ, ನೀ ಯಾರು ನಡುವ?" ಎಂದಳು. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ ಎಂದುಕೊಂಡಿದ್ದೆ. ಆದರೆ ಕೊಟ್ಟವನು ಒಯ್ಯಲು ಬಂದಾಗ ಸಲೈನ್ ಬಾಟಲಿ ಹಿಡಿದು ನಡುವೆ ನಿಂತವನೂ ನಾನೇ ಅಲ್ಲವೇ? ಚಿಕಿತ್ಸೆಯಿಲ್ಲದಿದ್ದರೆ ಮೋತಿ ಮೇ ಆರಂಭದಲ್ಲೇ ಹೋಗುತ್ತಿದ್ದ. ನಡುವೆ ಕೈಹಾಕಿದ ಮೇಲೆ ಕೈ ತೆಗೆಯುವ ಹೊಣೆಯೂ ಹಾಕಿದವನದೇ.

ಒಂಬತ್ತು ದಿನಗಳಲ್ಲಿ ಒಂದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಇನ್ನೊಬ್ಬರ ಅಭಿಪ್ರಾಯ ಕೇಳೋಣವೆಂದು ಅವನನ್ನು ಬಾಡಿಗೆ ಕಾರಿನಲ್ಲಿ ಮಲಗಿಸಿ, ಕಮಲಾಪುರ, ಹುಮನಾಬಾದ್ ದಾಟಿ 100 ಕಿಲೋಮೀಟರಿಗೂ ಹೆಚ್ಚು ದೂರದ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಒಯ್ದೆ. ಅಲ್ಲಿನವರು ಸಾವಧಾನದಿಂದ ನೋಡಿ, ಇಲ್ಲಿನ ವೈದ್ಯರು ಹೇಳಿದ್ದನ್ನೇ ಹೇಳಿದರು. ಹೋಗುವಾಗ ಎರಡು ಸಲ, ಬರುವಾಗ ಮೂರು ಸಲ ವಾಂತಿ ಮಾಡಿಕೊಂಡ. ಆ ಪ್ರಯಾಣ ಮೋತಿಗಾಗಿ ಮಾಡಿದ್ದಲ್ಲ, "ಇನ್ನೂ ಬೇಡ" ಎಂದು ಯಾರಾದರೂ ನನಗೆ ಹೇಳಲಿ ಎಂದು ಮಾಡಿದ್ದು.

ಇದನ್ನು ಓದಿ, ಊರು ಬದಲಾಯಿತೆಂದೋ ನಾಯಿ ಮುದಿಯಾಯಿತೆಂದೋ ಇಂಜೆಕ್ಷನ್ ಕೇಳಿಕೊಂಡು ಹೋಗುವವರು ನನ್ನನ್ನು ಸಾಕ್ಷಿಗೆ ಕರೆಯಬಾರದು. ಮುಪ್ಪು ರೋಗವಲ್ಲ. ಅಂಥವರನ್ನು ವೈದ್ಯರು ಬಾಗಿಲಿನಿಂದಲೇ ವಾಪಸು ಕಳಿಸಬೇಕು.

ಮೇ 18ರ ಬೆಳಿಗ್ಗೆ ವೈದ್ಯರು ಮನೆಗೇ ಬಂದರು. ಮೊದಲು ಮಂಪರಿನ ಚುಚ್ಚುಮದ್ದು ಕೊಟ್ಟು, ಅವನು ಪೂರ್ತಿ ನಿದ್ದೆಗೆ ಜಾರಿದ ಮೇಲೆ ಮುಂಗಾಲಿನ ರಕ್ತನಾಳಕ್ಕೆ ಅರಿವಳಿಕೆ ಔಷಧವನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರು. ಈ ಕ್ರಮವನ್ನು ನೀವು ಮೊದಲೇ ಕೇಳಿ ತಿಳಿದುಕೊಳ್ಳಿ. ಕೆಲವರು ಮೆಗ್ನೀಷಿಯಂ ಸಲ್ಫೇಟ್, ಪೊಟ್ಯಾಸಿಯಂ ಕ್ಲೋರೈಡ್ ಬಳಸುವುದುಂಟು. ಆಳವಾದ ಅರಿವಳಿಕೆಯಲ್ಲಿರುವ ಪ್ರಾಣಿಗೆ ಬಿಟ್ಟು ಎಚ್ಚರವಿರುವ ಪ್ರಾಣಿಗೆ ಅವನ್ನು ಕೊಡುವಂತಿಲ್ಲ. ಕೇಳಲು ಸಂಕೋಚಪಡಬೇಡಿ. ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಹೃದಯ ನಿಂತ ಮೇಲೂ ಒಂದೆರಡು ಸಲ ಉಸಿರೆಳೆದಂತೆ ಕಾಣಬಹುದು ಎಂದು ವೈದ್ಯರು ಮುಂಚೆಯೇ ಹೇಳಿದ್ದರು. ಹೇಳದಿದ್ದರೆ ಬದುಕಿದ್ದಾನೆಂದು ನಾನು ಕೂಗಿಕೊಳ್ಳುತ್ತಿದ್ದೆ. ತಲೆ ನನ್ನ ತೊಡೆಯ ಮೇಲಿತ್ತು. ಎರಡು ನಿಮಿಷವೂ ಹಿಡಿಯಲಿಲ್ಲ.

ಅಣ್ಣನ ಎರೆ ಹೊಲದಲ್ಲಿ ಮಣ್ಣು ಕೊಟ್ಟೆವು. ಔಷಧ ದೇಹದಲ್ಲಿ ಉಳಿದಿರುತ್ತದೆ, ಕೆದರಿ ತಿಂದ ಹದ್ದು, ನಾಯಿಗಳೂ ಸಾಯುತ್ತವೆ ಎಂದು ವೈದ್ಯರು ಹೇಳಿದ್ದರಿಂದ ಬೇಸಿಗೆಯಲ್ಲಿ ಕಲ್ಲಾಗಿ ಬಿರಿದಿದ್ದ ಆ ನೆಲವನ್ನು ಹಾರೆಯಿಂದ ನಾಲ್ಕಡಿ ಅಗೆಯಬೇಕಾಯಿತು.

ಜೂನ್ 1ರಂದು ಹಾಲಿನವನು ಲೆಕ್ಕಕ್ಕೆ ಬಂದ. ಹಾಲು ಬಾರದ ದಿನ ಕ್ಯಾಲೆಂಡರಿನಲ್ಲಿ ಗುಣಿಸು ಗುರುತು ಹಾಕುವುದು ಅವ್ವನ ಹಳೆಯ ರೂಢಿ. ಎಣಿಸಿ ಹನ್ನೊಂದು ದಿನದ ದುಡ್ಡು ಹಿಡಿಯುತ್ತೇನೆಂದಳು. "ಹನ್ನೊಂದು ದಿನ ಎಲ್ಲಿ ಬಿಟ್ಟೀನ್ರೀ ಯವ್ವಾ, ಎರಡೇ ದಿನ" ಎಂದು ಅವನು ಬಾಗಿಲಲ್ಲೇ ಕೂತುಬಿಟ್ಟ. ನಾನು ಒಳಗಿನಿಂದ ಬಂದು, ಉಳಿದ ಒಂಬತ್ತು ನನ್ನವು ಎಂದೆ. ಅವ್ವ ಕ್ಯಾಲೆಂಡರನ್ನು ಕಣ್ಣಿಗೆ ಹತ್ತಿರ ಹಿಡಿದು, 9ರಿಂದ 17ರವರೆಗೆ ಒಂದೊಂದರ ಮೇಲೂ ಬೆರಳಿಟ್ಟು ನೋಡಿದಳು. ಆಮೇಲೆ ಹಾಲಿನವನಿಗೆ ಪೂರ್ತಿ ಲೆಕ್ಕ ಕೊಟ್ಟು ಕಳಿಸಿದಳು, ಆ ಎರಡು ದಿನದ್ದನ್ನೂ ಹಿಡಿಯಲಿಲ್ಲ.